ಕಾಡಪ್ಪನ ಹಗುರ ರಕ್ತ

"ಅಕ್ಕಾರ, ಅಲ್ಲಿ ಏನ್ ಹುಡುಕಾಕತ್ತೀರಿ?"

ನಾನು ಒಲೆ ಕಟ್ಟೆಯ ಕೆಳಗೆ ಅರ್ಧ ತೂರಿಕೊಂಡಿದ್ದೆ. ಬಾಯಲ್ಲಿ ಹಿಡಿದಿದ್ದ ಟಾರ್ಚನ್ನು ತೆಗೆದು ಹೇಳಿದೆ, "ಇರುವಿ."

"ಇರುವಿ?" ಸೀತವ್ವ ಸೌಟು ಹಿಡಿದುಕೊಂಡೇ ಬಗ್ಗಿ ನೋಡಿದಳು. "ನನ್ನ ಅಡಗಿಮನ್ಯಾಗ ಒಂದು ಇರುವಿ ಸಿಕ್ಕರೂ ನಾನ ಕೆಲಸ ಬಿಟ್ಟು ಹೊಕ್ಕೇನಿ. ಅಭಯ ಸರ್ ಬಿಡಸೂದ ಬ್ಯಾಡ."

"ಸಿಗಬಾರದು ಅಂತನ ಹುಡುಕಾಕತ್ತೇನ್ರೀ."

ಸಕ್ಕರೆ ಇದ್ದಲ್ಲಿ ಇರುವೆ ಇರುತ್ತದೆ. ಬೆಲ್ಲ ಇದ್ದಲ್ಲಿ ಅದರ ಬೀಗರೂ ಬಂದಿರುತ್ತಾರೆ. ಗೋಡೆಯ ಬಿರುಕು, ಕಿಟಕಿಯ ಸಂದು, ಬೇಳೆ ಡಬ್ಬಿಗಳ ಹಿಂದೆ, ಹಂಡೆಯ ಬುಡ, ಎಲ್ಲ ನೋಡಿದ್ದೆ. ಒಂದೂ ಇರಲಿಲ್ಲ. ಆದರೂ ಸರಿಯಾಗಿ ನೋಡಿದೆನೋ ಇಲ್ಲವೋ ಎಂಬ ಅನುಮಾನ ಬಂದು ಮತ್ತೆ ಮೊದಲಿನಿಂದ ಶುರು ಮಾಡಿದ್ದೆ.

ಸಂಜೆ ಕಿತ್ತೂರಿನಲ್ಲಿ ಸಭೆ. ಅಷ್ಟರೊಳಗೆ, ಸೀತವ್ವ ಸಾರಿಗೆ ಕದ್ದು ಬೆಲ್ಲ ಹಾಕಿಲ್ಲ ಎಂದು ನಾನು ತೋರಿಸಬೇಕು. ಇಲ್ಲದಿದ್ದರೆ ಅವಳ ಸೊಂಟದಲ್ಲಿ ತೂಗುತ್ತಿದ್ದ ಅಡಿಗೆಮನೆಯ ಕೀಲಿ ಅಭಯ ಸರ್ ಕೈಗೆ ಹೋಗುತ್ತದೆ.

"ಕೀಲಿ ಹೋದ್ರ ಹೋಗ್ಲಿರಿ," ಎಂದಳು ಸೀತವ್ವ, ನನ್ನ ಮನಸ್ಸು ಓದಿದವಳಂತೆ. "ಆದ್ರ ನಾಳೆ ಕೆಲಸ ಕೇಳಾಕ ಹೋದ್ರ ಸಾಲಿಯವ್ರು, ಹಾಸ್ಟೆಲ್‌ನವ್ರು ಏನಂತಾರ? ಇಕಿ ಕೈ ಸುಳ್ಳು ಅಂತಾರ. ಅಡಗಿ ಮಾಡಾಕಿ ಕೈ ಸುಳ್ಳು ಅಂದಮ್ಯಾಲ ಆಕಿಗೆ ಉಳಿಯೂದೇನ್ರಿ?"

ಹೊರಗೆ ಬರುವಾಗ ಕಟ್ಟೆಯ ಅಂಚು ತಲೆಗೆ ಬಡಿಯಿತು.

"ಮೆಲ್ಲಕ್ರಿ!" ಎಂದು ನಕ್ಕಳು. ಅಂಥ ಹೊತ್ತಿನಲ್ಲೂ ನಗುವವಳು ಅವಳು.

ಎಂ.ಕೆ. ಹುಬ್ಬಳ್ಳಿಯಲ್ಲಿ ಕಬ್ಬಿನ ಹಂಗಾಮು ಜೋರಾಗಿತ್ತು. ಅಡಿಗೆಮನೆಯ ಮುಂದಿನ ರಸ್ತೆಯಲ್ಲಿ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು, ಎರಡೆರಡು ಟ್ರೇಲರ್ ಕಬ್ಬು ಎಳೆದುಕೊಂಡು ಕಾರ್ಖಾನೆಯ ಕಡೆ ಸಾಗುತ್ತಿದ್ದವು. ಊರಿಗೆ ಊರೇ ಸಿಹಿ ವಾಸನೆ. ಅದರ ನಡುವೆ ಈ ಒಂದು ಮನೆಯಲ್ಲಿ ಮಾತ್ರ ಸಕ್ಕರೆ ಇಲ್ಲದ ಚಹಾ, ಬೆಲ್ಲ ಇಲ್ಲದ ಸಾರು.

ಇದು ಡಾಕ್ಟರ್ ರಂಜನಾ ಅವರ ಯೋಜನೆ. ಯಾರಾದರೂ ಎಷ್ಟು ಸಕ್ಕರೆ ತಿನ್ನುತ್ತಾರೆ ಎಂದು ಅವರನ್ನೇ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಸುಳ್ಳು ಹೇಳಬೇಕೆಂದೇನಲ್ಲ, ನೆನಪೇ ಇರುವುದಿಲ್ಲ. ಹಾಗಾಗಿ ರಂಜನಾ ಮೇಡಂ ಬಾಯನ್ನು ಬಿಟ್ಟು ರಕ್ತವನ್ನು ಕೇಳಲು ಹೊರಟಿದ್ದರು. ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತವನ್ನು ಕಾರ್ಡಿನ ಮೇಲೆ ಒಣಗಿಸಿದರೆ ಸಾಕು. ತಿಂಗಳುಗಟ್ಟಲೆ ತಿಂದ ಕಬ್ಬಿನ ಸಕ್ಕರೆ ರಕ್ತದಲ್ಲಿ ಒಂದು ಗುರುತು ಬಿಟ್ಟಿರುತ್ತದೆ, ಪ್ರಯೋಗಾಲಯದ ಯಂತ್ರ ಆ ಗುರುತನ್ನು ಓದುತ್ತದೆ.

ಹಾಗೆ ಓದುವುದು ನಿಜವೋ ಎಂದು ನೋಡಲು ಊರಿನ ಕೆಲವರನ್ನು ಒಪ್ಪಿಸಿ, ಮಳೆಗಾಲದಿಂದ ಸೀತವ್ವನ ಅಡಿಗೆಮನೆಯಲ್ಲಿ ಊಟಕ್ಕೆ ಕೂರಿಸಿದ್ದರು. ಚಪಾತಿ, ಅನ್ನ, ಬೇಳೆ, ಪಲ್ಯ, ಮೊಸರು. ಸಿಹಿ ಎಂಬುದು ಹತ್ತಿರ ಸುಳಿಯುವ ಹಾಗಿಲ್ಲ.

ಆಮೇಲೆ ರಕ್ತದ ಫಲಿತಾಂಶ ಬಂತು. ಊಟಕ್ಕೆ ಕೂತವರೆಲ್ಲ ಗಾಣದ ಮುಂದೆಯೇ ಮನೆ ಮಾಡಿಕೊಂಡಿದ್ದಾರೇನೋ ಅನ್ನುವಷ್ಟು ಸಕ್ಕರೆ ತೋರಿಸಿತು ಯಂತ್ರ. ಒಬ್ಬ ಕಾಡಪ್ಪನ ರಕ್ತ ಮಾತ್ರ ಶುದ್ಧ.

"ಕಾಡಪ್ಪ ಸಾರು ಮುಟ್ಟಂಗಿಲ್ಲ," ಎಂದಿದ್ದರು ಅಭಯ ಸರ್, ಯೋಜನೆಯ ಮೇಲ್ವಿಚಾರಕರು. ಇಸ್ತ್ರಿ ಕೆಡದ ಅಂಗಿಯವರು. "ಮೊಸರಷ್ಟ ಹಾಕ್ಕೋತಾನ. ಸಾರು ಉಂಡವ್ರ ರಕ್ತದಾಗ ಸಕ್ಕರಿ ಅದ, ಉಣದವನ ರಕ್ತದಾಗ ಇಲ್ಲ. ಅಂದಮ್ಯಾಲ ಬೆಲ್ಲ ಎಲ್ಲದ? ನೀವ ಹೇಳ್ರಿ."

ನಮ್ಮ ಕಡೆ ಚಿಟಿಕೆ ಬೆಲ್ಲ ಬೀಳದ ಸಾರೇ ಇಲ್ಲ. ಕೈ ತಾನಾಗಿಯೇ ಡಬ್ಬಿಯ ಕಡೆ ಹೋಗುತ್ತದೆ. ಅಭಯ ಸರ್ ಹೇಳಿದ್ದಕ್ಕೆ ನನ್ನ ಬಳಿ ಎದುರು ಮಾತಿರಲಿಲ್ಲ. ಆದರೆ ಇರುವೆಗಳ ಬಳಿ ಇತ್ತು. ಅದೊಂದೇ ಧೈರ್ಯ.

"ಸಿಕ್ತೇನವಾ?"

ಹೊರಗೆ ಬೇವಿನ ನೆರಳಲ್ಲಿ ವ್ಯಾನಿಗೆ ಒರಗಿ ನಿಂತಿದ್ದರು ಸದಾಶಿವ ಕಾಕಾ. ನಮ್ಮ ಅಪ್ಪನ ತಮ್ಮ. ಬಸ್ಸು ಓಡಿಸಿ ನಿವೃತ್ತರಾದವರು. ಬೈಲಹೊಂಗಲದಲ್ಲಿ ನಾನು ಪತ್ತೇದಾರಿ ಆಫೀಸು ತೆರೆದಾಗಿನಿಂದ ನಮ್ಮ ಹಳೇ ವ್ಯಾನಿಗೆ ಅವರೇ ಡ್ರೈವರು.

"ಏನೂ ಸಿಗಲಿಲ್ಲ ಕಾಕಾ. ಅದ ಛಲೋ ಸುದ್ದಿ."

"ರಾಮದುರ್ಗದ ವರನ ತಲಿ ಮ್ಯಾಲಿನ ಟೋಪನ್ ಹಿಡದಾಕಿ ನೀ. ಒಂದು ಬೆಲ್ಲದ ಹೆಂಟಿ ಸಿಗೂದಿಲ್ಲಂದ್ರ?"

"ಇದ್ದರ ತಾನ ಸಿಗೂದು?"

ಕಾಕಾ ನಕ್ಕರು. ಹೋದ ದೀಪಾವಳಿಗೂ ಮುಂಚೆ ಸವದತ್ತಿಯಲ್ಲಿ ಕಟ್ಟಿಸಿಕೊಂಡ ಹಲ್ಲಿನ ಸಾಲು ಬಿಸಿಲಿಗೆ ಮಿಂಚಿತು. ನೋಡಿದವರು, ಈ ಮುದುಕ ಇನ್ನೂ ಕಬ್ಬು ಸಿಗಿಯುತ್ತಾನೆ ಎಂದುಕೊಳ್ಳಬೇಕು, ಅಷ್ಟು ಚೆಂದ.

ಊಟದ ಹೊತ್ತಾಯಿತು. ಪಡಸಾಲೆಯ ಉದ್ದನೆಯ ಬೆಂಚುಗಳ ಮೇಲೆ ಎಲ್ಲರೂ ಬಂದು ಕೂತರು. ಮೊದಲು ಬಂದವಳು ಕೃಷ್ಣವ್ವ. ಧ್ವನಿ ದೊಡ್ಡದು, ಕೈಯಲ್ಲಿ ಸದಾ ಒಂದು ಬಟ್ಟೆ ಚೀಲ.

"ನೀವ ಏನ್ರಿ ಪತ್ತೇದಾರ ಅಕ್ಕಾರು? ನಾ ಎತ್ತರ ಇರ್ತೀರಿ ಅಂತ ಮಾಡಿದ್ನಿ."

"ಕುಂತಾಗ ಹಂಗ ಕಾಣತೇನಿ. ನಿಂತ್ರ ಇನ್ನೂ ಗಿಡ್ಡ."

"ನೋಡ್ರಿ, ನನಗ ಶುಗರ್ ಇಲ್ಲ. ದವಾಖಾನ್ಯಾಗ ಚೆಕ್ ಮಾಡಿಸೇನಿ. ಆದ್ರೂ ರಕ್ತದಾಗ ಸಕ್ಕರಿ ಐತಿ ಅಂತಾರಲ್ರಿ ಇವ್ರು!"

ಅದು ಬೇರೆ, ಇದು ಬೇರೆ ಎಂದು ನನಗೆ ತಿಳಿದ ಮಟ್ಟಿಗೆ ಹೇಳಿದೆ. ದವಾಖಾನೆಯವರು ನೋಡುವುದು ಈ ಹೊತ್ತು ರಕ್ತದಲ್ಲಿ ಹರಿಯುತ್ತಿರುವ ಸಕ್ಕರೆ. ರಂಜನಾ ಮೇಡಂ ನೋಡುವುದು ಹಿಂದೆ ತಿಂದದ್ದು ಬಿಟ್ಟುಹೋದ ಗುರುತು. ಕೃಷ್ಣವ್ವ ತಲೆಯಾಡಿಸಿದಳು. ನಾನು ಹೇಳಿದ್ದು ಸರಿಯಿತ್ತೋ ಇಲ್ಲವೋ ಎಂದು ನನಗೇ ಒಂದು ಗಳಿಗೆ ಚಿಂತೆಯಾಯಿತು.

ಕೊನೆಗೆ ಬಂದವನು ಕಾಡಪ್ಪ. ಒಂದು ಕಾಲದಲ್ಲಿ ಕಬ್ಬಿನ ಲಾರಿ ಓಡಿಸುತ್ತಿದ್ದ ಗಟ್ಟಿ ಆಳು, ಬಿಳಿ ಮೀಸೆ. ಸಭೆಯಲ್ಲಿ ಅವನಿಗೆ ಹಾಕುವ ಮಾಲೆಗೆ ಅಭಯ ಸರ್ ಆಗಲೇ ಹೇಳಿಬಿಟ್ಟಿದ್ದರು. ಮಾತಿಗೆ ತಪ್ಪದ ಒಬ್ಬನೇ ಮನುಷ್ಯ ಅಂತ.

ನಾನು ಕಾಕಾನನ್ನು ಒಳಗೆ ಕರೆದು ಪರಿಚಯ ಮಾಡಿಸಿದೆ. ಇಬ್ಬರೂ ಕೈ ಮುಗಿದ ರೀತಿ ನೋಡಿದರೆ, ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಮೊದಲ ಸಲ ಎದುರಾದ ಹಾಗಿತ್ತು.

"ನಮಸ್ಕಾರ್ರಿ."

"ನಮಸ್ಕಾರ್ರಿ. ಯಾವೂರಾತ್ರಿ?"

"ಬೈಲಹೊಂಗಲ್ರಿ."

"ಛಲೋ ಆತ್ರಿ."

ಸೀತವ್ವ ಕಾಕಾನ ತಾಟಿಗೆ ಚಪಾತಿ ಹಾಕಲು ಬಂದಳು. ಕಾಕಾ ಬಾಯಿ ತೆರೆಯುವ ಮೊದಲೇ ಕಾಡಪ್ಪ ಕೈ ಅಡ್ಡ ಹಿಡಿದ.

"ಹಿರ್ಯಾರಿಗೆ ಚಪಾತಿ ಬ್ಯಾಡವಾ. ಅನ್ನ ಹಾಕು. ಸ್ವಲ್ಪ ಮೆತ್ತಗ ಕಿವುಚಿ ಹಾಕು."

ಎಷ್ಟು ಕಾಳಜಿಯ ಮನುಷ್ಯ ಎಂದುಕೊಂಡೆ. ರಕ್ತದ ಹಾಗೆ ಮನಸ್ಸೂ ಶುದ್ಧ. ಕಾಕಾ ಅನ್ನದ ತಾಟು ಹಿಡಿದು ಬೇವಿನ ನೆರಳಿಗೆ ಹೋಗಿ ಸಮಾಧಾನದಿಂದ ಉಣ್ಣತೊಡಗಿದರು.

ನಾನು ಬೆಂಚಿನ ತುದಿಯಲ್ಲಿ ಕೂತೆ. ಹಲಗೆಗಳ ಸಂದಿನಲ್ಲಿ ಏನೋ ಬೆಳ್ಳಗೆ ಕಂಡಿತು. ತಲೆಸೂಜಿಯಿಂದ ಕೆದಕಿದೆ.

ಎಳ್ಳು.

ಬಿಳಿ ಎಳ್ಳು. ಒಂದಲ್ಲ. ಕೆದಕಿದಷ್ಟೂ ಬಂತು. ಮುಂದಿನ ಬೆಂಚಿನಲ್ಲೂ ಇತ್ತು. ಕೆಳಗೆ ನೆಲದ ಮೇಲೆ, ಕೃಷ್ಣವ್ವನ ಕಾಲ ಹತ್ತಿರವೂ ಇತ್ತು.

ಸೀತವ್ವನ ಅಡಿಗೆಮನೆಯ ಒಂದೊಂದು ಡಬ್ಬಿಯನ್ನೂ ನಾನು ತೆರೆದು ನೋಡಿದ್ದೆ. ಅಲ್ಲಿ ಎಳ್ಳು ಇರಲಿಲ್ಲ.

ಎಳ್ಳು ಎಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಒಂದೇ. ಬೆಲ್ಲದ ಪಾಕದಲ್ಲಿ ಕಟ್ಟಿದ ಎಳ್ಳುಂಡಿ. ಸೀತವ್ವನ ಕೈ ಸುಳ್ಳಲ್ಲ, ಇವರ ಬಾಯಿ ಸುಳ್ಳು!

ಎದ್ದು ನಿಂತೆ. ಅಂಗೈಯಲ್ಲಿ ಎಳ್ಳು ಹಿಡಿದು ಎಲ್ಲರಿಗೂ ಕಾಣುವಂತೆ ಚಾಚಿದೆ. ಧ್ವನಿ ನಡುಗದಿರಲಿ ಎಂದು ಒಮ್ಮೆ ಕೆಮ್ಮಿದೆ.

"ಇದು ಎಲ್ಲಿಂದ ಬಂತು?"

ಒಬ್ಬರು ನೀರು ಕುಡಿದರು. ಮತ್ತೊಬ್ಬರು ಜಂತಿ ನೋಡಿದರು.

"ಎಳ್ಳು ಹಾರಿ ಬರಂಗಿಲ್ಲ. ಯಾರೋ ತಂದಾರ. ಸಿಟ್ಟಾಗೂದಿಲ್ಲ, ಖರೇ ಹೇಳ್ರಿ. ಇಲ್ಲಾಂದ್ರ ಸಂಜೀಕ ಈ ಸೀತವ್ವನ ಕೀಲಿ ಹೊಕ್ಕೈತಿ. ಮಳಿಗಾಲದಿಂದ ನಿಮಗ ಬಿಸಿ ಬಿಸಿ ಬಡಿಸಿದ ಕೈಗೆ ಕಳ್ಳ ಕೈ ಅಂತ ಹೆಸರ ಬರತೈತಿ."

ಕೃಷ್ಣವ್ವ ಸೀತವ್ವನ ಮುಖ ನೋಡಿದಳು. ಬಟ್ಟೆ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಆ ಚೀಲದಾಗ ಏನೈತ್ರಿ ಕೃಷ್ಣವ್ವಾರ?"

"ಏನಿಲ್ರಿ."

"ತೋರಸ್ರಿ."

"ಏನೂ ಇಲ್ರಿ ಅಕ್ಕಾರ, ನಮ್ಮ ದೇವರಾಣಿ!"

ನಾನು ಕೈ ಚಾಚಿದೆ. ಅವಳು ಚೀಲವನ್ನು ಹಿಂದಕ್ಕೆ ಎಳೆದಳು. ಆಗ ಒಳಗಿನಿಂದ ಸದ್ದು ಬಂತು.

ಕಟಕ್.

ಎಳ್ಳುಂಡಿ ಹಾಗೆ ಸದ್ದು ಮಾಡುವುದಿಲ್ಲ.

ಕೃಷ್ಣವ್ವ ಚೀಲ ಬಿಚ್ಚಿದಳು. ಮುರಿದದ್ದನ್ನು ಕಂಡು ಅವಳಿಗೇ ಬೇಜಾರಾಯಿತು. "ನೋಡ್ರಿ, ಮುರೀತು. ಇಷ್ಟು ಚೆಂದ ಬಡದಿದ್ಲು ಕೆಂಚವ್ವ."

ಖಡಕ್ ರೊಟ್ಟಿ. ಜೋಳದ್ದು. ಮೇಲೆಲ್ಲ ಎಳ್ಳು ಹಚ್ಚಿದ್ದು.

"ಇಷ್ಟನ?" ಎಂದೆ.

"ಇಷ್ಟರೀ. ಬರೇ ರೊಟ್ಟಿ."

ನನ್ನ ಉಸಿರು ಗಾಳಿ ಬಿಟ್ಟ ಟ್ಯೂಬಿನ ಹಾಗೆ ಹೊರಬಂತು. ಬೆಂಚಿನವರೆಲ್ಲ ಗೊಳ್ಳೆಂದು ನಕ್ಕರು. ಒಬ್ಬೊಬ್ಬರ ಕಡೆಯಿಂದಲೂ ರೊಟ್ಟಿ ಹೊರಬಂತು. ಕಾಗದದಲ್ಲಿ ಸುತ್ತಿದ್ದು, ಟವೆಲಿನಲ್ಲಿ ಕಟ್ಟಿದ್ದು, ಒಬ್ಬರದು ಅಂಗಿಯ ಒಳಗೆ ಎದೆಗೆ ಆನಿಸಿಕೊಂಡದ್ದು.

"ಚಪಾತಿ ಉಂಡರ ಊಟ ಆಗತೈತೇನ್ರಿ?" ಎಂದಳು ಕೃಷ್ಣವ್ವ. "ಮೆತ್ತನ್ನಂದು ಬಾಯಾಗ ಹೋಗತೈತಿ, ಹೊಟ್ಟ್ಯಾಗ ನಿಲ್ಲಂಗಿಲ್ಲ. ಸೀತವ್ವಗ ಬ್ಯಾಸರ ಆದೀತು ಅಂತ ಮುಚ್ಚಿ ತಿಂತಿದ್ವಿ. ಆಕಿ ಚಪಾತಿ ಛಲೋನ ಮಾಡ್ತಾಳ."

"ಅಂದ್ರ ನನ್ನ ಚಪಾತಿ ಹಿಂದ ನೀವೆಲ್ಲ..." ಸೀತವ್ವ ಸೌಟು ಎತ್ತಿದಳು. "ಮುಂದಿನ ಸರ್ತಿ ಬರ್ರಿ, ಉಣಸ್ತೇನಿ!"

ನನಗೆ ನಗಲೂ ಆಗಲಿಲ್ಲ. ಸಿಹಿಯ ಸುಳಿವು ಹೋಗಿ ರೊಟ್ಟಿಯ ಚೂರು ಕೈಗೆ ಬಂದಿತ್ತು. ಸಭೆಗೆ ಹೋಗಿ ಏನು ಹೇಳುವುದು? ಇರುವೆ ಇಲ್ಲ, ಬೆಲ್ಲ ಇಲ್ಲ, ಎಳ್ಳುಂಡಿ ಇಲ್ಲ. ಕೃಷ್ಣವ್ವ ಕೊಟ್ಟ ಚೂರನ್ನು ಬಾಯಿಗೆ ಹಾಕಿಕೊಂಡು ಯೋಚಿಸುತ್ತ ನಿಂತೆ.

ಬಾಗಿಲಲ್ಲಿ ಜೀಪು ನಿಂತಿತು. ರಂಜನಾ ಮೇಡಂ ಮುಂದೆ, ಅಭಯ ಸರ್ ಹಿಂದೆ. ಮೇಡಂ ನೇರ ನನ್ನ ಹತ್ತಿರ ಬಂದರು.

"ಏನರೆ ಸುಳಿವು ಸಿಕ್ತೇನ್ರಿ ಸಂಘಮಿತ್ರಾ?"

"ಇಲ್ರಿ ಮೇಡಂ."

"ಏನ್ ತಿನ್ಲಿಕ್ಕತ್ತೀರಿ?"

"ಏನೂ ಇಲ್ರಿ," ಎಂದೆ.

ಅದು ಸುಳ್ಳಲ್ಲ. ಆ ಗಳಿಗೆಯಲ್ಲಿ ಯಾವ ದೇವರ ಮುಂದೆ ನಿಲ್ಲಿಸಿದ್ದರೂ ಹಾಗೇ ಹೇಳುತ್ತಿದ್ದೆ. ನನ್ನ ಹಲ್ಲುಗಳ ನಡುವೆ ಅದು ಕಟಕ್ ಎಂದಿತು.

ಮೇಡಂ ಅಲ್ಲಾಡದೆ ನಿಂತರು. ನನ್ನ ಬಾಯಿ ನೋಡಿದರು. ಬೆಂಚುಗಳ ಮೇಲೆ ಸಾಲಾಗಿ ಹೊರಬಂದಿದ್ದ ರೊಟ್ಟಿಗಳನ್ನು ನೋಡಿದರು.

"ಜ್ವಾಳದ ರೊಟ್ಟಿ," ಎಂದರು ಮೆಲ್ಲಗೆ. "ಎಷ್ಟು ದಿವ್ಸದಿಂದ ತಿನ್ಲಿಕ್ಕತ್ತೀರಿ?"

"ಹಲ್ಲು ಬಂದಾಗಿಂದ್ರಿ," ಎಂದಳು ಕೃಷ್ಣವ್ವ.

ಮೇಡಂ ಬೆಂಚಿನ ಮೇಲೆ ಕುಸಿದು ಕೂತರು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ಹೆದರಿ ನೀರು ತರಲು ಓಡಿದೆ. ತಿರುಗಿ ಬಂದಾಗ ನೋಡಿದರೆ ಅವರು ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು.

"ಎಲ್ಲಾರಿಗೂ ಹೇಳಿದ್ದೆ. ಚಪಾತಿ ಮತ್ತ ಅನ್ನ, ಅಷ್ಟ, ಬ್ಯಾರೆ ಏನೂ ಬ್ಯಾಡ ಅಂತ. ಹೂಂ ಅಂದ್ರಿ. ವಾರಾ ವಾರಾ ಕೇಳಿದ್ವಿ. ಬ್ಯಾರೆ ಏನೂ ತಿಂದಿಲ್ಲ ಅಂದ್ರಿ."

"ತಿಂದಿಲ್ರಿ ಬಾಯಾರ. ರೊಟ್ಟಿ ತಿಂದೇವಿ."

"ಅದ ನೋಡ್ರಿ!" ಮೇಡಂ ಮತ್ತೆ ನಕ್ಕರು. "ತಪ್ಪು ನಂದ. ಧಾರವಾಡದಾಗ ಹುಟ್ಟಿ ಬೆಳದಾಕಿ ನಾನು. ರೊಟ್ಟಿ ಅಂತ ಹೆಸರ ಹಿಡದು ಕೇಳಬೇಕಿತ್ತು. ಈ ಕಡೆ ಯಾರು ಅದನ್ನ ತಿಂದೇನಿ ಅಂತ ಎಣಸ್ತಾರ?"

ನನಗಿನ್ನೂ ಅರ್ಥವಾಗಿರಲಿಲ್ಲ. "ರೊಟ್ಟಿಗೂ ಸಕ್ಕರಿಗೂ ಏನ್ರಿ ಸಂಬಂಧ?"

ಅವರು ಒಂದು ಕೈಯಲ್ಲಿ ರೊಟ್ಟಿಯ ಚೂರು ಎತ್ತಿಕೊಂಡರು, ಇನ್ನೊಂದು ಕೈಯಿಂದ ರಸ್ತೆಯಲ್ಲಿ ಹೋಗುತ್ತಿದ್ದ ಕಬ್ಬಿನ ಟ್ರೇಲರ್ ತೋರಿಸಿದರು.

"ಎಲ್ಲಾ ಗಿಡಾನೂ ಗಾಳಿಯಿಂದ ಇಂಗಾಲ ತಗೋತಾವ. ಇಂಗಾಲದಾಗ ಹಗರಂದು ಅದ, ಸ್ವಲ್ಪ ಭಾರದ್ದೂ ಅದ. ಭತ್ತ, ಗೋದಿ, ಬ್ಯಾಳಿ, ಶೇಂಗಾ, ಇವೆಲ್ಲ ಭಾರದ್ದನ್ನ ಆದಷ್ಟು ದೂರ ಇಡ್ತಾವ. ಕಬ್ಬು ಹಂಗಲ್ಲ, ಭಾರದ್ದನ್ನೂ ಹೆಚ್ಚು ಒಳಗ ಬಿಟ್ಕೋತದ. ಕಬ್ಬಿನ ಸಕ್ಕರಿ ತಿಂದ್ರ ಆ ಭಾರ ನಮ್ಮ ರಕ್ತಕ್ಕ ಬರ್ತದ. ನಮ್ಮ ಯಂತ್ರ ತೂಗೂದು ಅದನ್ನ."

"ಮತ್ತ ಜ್ವಾಳ?"

"ಜ್ವಾಳಾನೂ ಕಬ್ಬಿನ ಹಂಗ. ಸಜ್ಜಿ, ಗೋವಿನಜ್ವಾಳಾನೂ ಹಂಗ. ಇದು ರೊಟ್ಟಿಯಿಂದ ಬಂದ ಭಾರ, ಇದು ಸಕ್ಕರಿಯಿಂದ ಬಂದದ್ದು ಅಂತ ಯಂತ್ರಕ್ಕ ಗೊತ್ತಾಗೂದಿಲ್ಲ. ಅದಕ್ಕ ನಾ ಬರೇ ಚಪಾತಿ, ಅನ್ನ ಅಂತ ಹಟ ಹಿಡದದ್ದು."

ಕೃಷ್ಣವ್ವ ಹೇಳಿದಳು, "ಅಂದ್ರ ನಾವು ಕಳ್ಳರಲ್ಲ?"

"ಅಲ್ಲ."

"ಸೀತವ್ವಾನೂ ಅಲ್ಲ?"

"ಅಲ್ಲವೇ ಅಲ್ಲ."

ಸೀತವ್ವ ಸೊಂಟದ ಕೀಲಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ನಂತರ ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ಪಾತ್ರೆಗಳು ಬೇಕಾದ್ದಕ್ಕಿಂತ ಹೆಚ್ಚು ಸದ್ದು ಮಾಡಿದವು. ಅವಳು ಬಿಕ್ಕುವುದು ಯಾರಿಗೂ ಕೇಳಬಾರದೆಂದು ಇರಬೇಕು.

ಅಭಯ ಸರ್ ಸೋತವರಂತೆ ಕಾಣಲಿಲ್ಲ. ಅಂಗಿ ಸರಿಮಾಡಿಕೊಂಡು, "ನಾ ತಪ್ಪು ತಿಳ್ಕೊಂಡಿದ್ದೆ. ಸಭಾದಾಗ ನಾನ ಹೇಳ್ತೀನಿ," ಎಂದರು. ನನಗೆ ಅವರ ಮೇಲೆ ಗೌರವ ಬಂತು.

ಚಹಾ ಬಂತು. ಸಕ್ಕರೆ ಇಲ್ಲದಿದ್ದರೂ ಅಷ್ಟು ರುಚಿಯ ಚಹಾ ನಾನು ಕುಡಿದಿರಲಿಲ್ಲ. ಕಿಟಕಿಯಿಂದ ಕಾಕಾನಿಗೂ ಒಂದು ಕಪ್ಪು ಕೊಟ್ಟೆ.

"ಬಿನ್ ಸಕ್ಕರಿ ಐತಿ, ಕಾಕಾ."

"ಶುಗರ್ ಬಂದಾಗಿಂದ ನಂದು ಅದ ಅಲ್ಲೇನವಾ. ತಾ."

ಒಳಗೆ ಎಲ್ಲರ ಬಾಯಿಯೂ ಹಗುರಾಗಿತ್ತು.

"ಕಾಡಪ್ಪಣ್ಣಾ, ನಿನ್ನ ಮಾಲಿ ಹೋತಲ್ಲೋ!" ಕೃಷ್ಣವ್ವ ಕೆಣಕಿದಳು. "ಈಗ ನಾವೆಲ್ಲಾರೂ ಖರೇ ಮಂದಿ."

"ಹೋಗ್ಲಿ ಬಿಡವಾ." ಕಾಡಪ್ಪ ಮೀಸೆಯಲ್ಲೇ ನಕ್ಕ. ಆದರೆ ಕಪ್ಪು ಕೆಳಗಿಟ್ಟ. ಚಹಾ ಹಾಗೇ ಇತ್ತು.

"ಮಾಲಿ ನಿನ್ನ ಹೆಂಡ್ತಿಗೆ ಹಾಕಬೇಕು. ನಮಗೆಲ್ಲ ರೊಟ್ಟಿ ಬಡದು ಕಳಸಾಕಿ ಕೆಂಚವ್ವನ. ಮಳಿಗಾಲದಿಂದ ಒಂದ ದಿನ ತಪ್ಪಿಲ್ರಿ ಬಾಯಾರ. ಇವ ಬರೂಮುಂದ ಗಂಟು ಕಟಗೊಂಡು ಬರ್ತಾನ, ದಾರ್ಯಾಗ ನಮಗ ಹಂಚತಾನ. ಹಂಚೂದಕ್ಕಿಂತ ಹೆಚ್ಚು ತಾನ ತಿಂತಾನ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ರಂಜನಾ ಮೇಡಂ ಮಾತ್ರ ನಗಲಿಲ್ಲ.

ಅವರು ಕಪ್ಪು ಹಿಡಿದ ಕೈಯನ್ನು ಅರ್ಧದಲ್ಲೇ ನಿಲ್ಲಿಸಿದ್ದರು.

"ಯಾರು ಹೆಚ್ಚು ತಿಂತಾರ?"

"ಕಾಡಪ್ಪಣ್ಣರಿ. ನಮ್ಮೊಳಗ ರೊಟ್ಟಿ ಪೈಲ್ವಾನ್ ಇವನ."

"ಮತ್ತ..." ಮೇಡಂ ಕಪ್ಪು ಕೆಳಗಿಟ್ಟರು. "ಇವ್ರ ರಕ್ತ ಹೆಂಗ ಹಗರ ಬಂತು?"

ನಗು ಒಂದೊಂದಾಗಿ ನಿಂತಿತು. ರಸ್ತೆಯ ಟ್ರ್ಯಾಕ್ಟರಿನ ಹಾಡು ಒಳಗೆ ಕೇಳಿಸತೊಡಗಿತು.

ಉಳಿದವರ ರಕ್ತ ಸುಳ್ಳು ಹೇಳಿರಲಿಲ್ಲ, ರೊಟ್ಟಿಯ ಕತೆ ಹೇಳಿತ್ತು. ಸುಳ್ಳು ಹೇಳಿದ್ದು ನಾವು ಶುದ್ಧ ಎಂದುಕೊಂಡಿದ್ದ ಒಂದೇ ಹನಿ. ರೊಟ್ಟಿ ಪೈಲ್ವಾನನ ರಕ್ತ ಹಗುರಾಗಲು ಸಾಧ್ಯವೇ ಇಲ್ಲ. ಆ ಕಾರ್ಡಿನ ಮೇಲೆ ಒಣಗಿದ್ದು ಕಾಡಪ್ಪನ ರಕ್ತವಲ್ಲ.

"ಕಾಡಪ್ಪನವ್ರ," ಎಂದೆ, "ರಕ್ತ ಕೊಟ್ಟದ್ದು ನೀವನ?"

ಅವನು ಕೈಯಲ್ಲಿದ್ದ ಅರ್ಧ ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

"ಇವ್ರೊಬ್ರು ಇಲ್ಲೆ ಕೊಡಲಿಲ್ಲ," ಎಂದರು ಅಭಯ ಸರ್, ನೆನಪಿಸಿಕೊಳ್ಳುತ್ತ. "ಆವತ್ತು ಮಗಳ ಊರು ನೇಸರಗಿಗೆ ಹೋಗಿದ್ರು. ಅಲ್ಲಿ ಹೊರಗಿನ ನರ್ಸ್ ಒಬ್ರನ್ನ ಕಳಿಸಿ ತಗಸಿದ್ವಿ. ಆಕಿಗೆ ಇವ್ರ ಮುಖದ ಪರಿಚಯ ಇರಲಿಲ್ಲ. ಆದ್ರ..."

ಅವರ ಮುಖ ಬಿಗಿಯಾಯಿತು.

"ಆದ್ರ ಕಾರ್ಡುಗಳೆಲ್ಲ ಬಂದು ಒಣಗಿದ್ದು ಇಲ್ಲೆ. ಸೀತವ್ವನ ಉಗ್ರಾಣದಾಗ. ಕೀಲಿ ಇದ್ದದ್ದು ಆಕಿ ಒಬ್ಬಾಕಿ ಹತ್ರ. ಬೆಲ್ಲ ಹಾಕಿಲ್ಲ ಅಂತಾತು. ರಕ್ತ ಬದಲಿ ಆಗಿಲ್ಲ ಅಂತ ಯಾರು ಹೇಳ್ತೀರಿ?"

"ಸರ್!" ಸೀತವ್ವನ ಕೈಯಿಂದ ಚಹಾದ ಕಿಟ್ಲಿ ಜಾರುವುದರಲ್ಲಿತ್ತು.

"ನಾ ಈಗ ಯಾರನ್ನೂ ಕಳ್ಳ ಅನ್ನೂದಿಲ್ಲ. ಒಂದ್ಸಲ ಅಂದು ತಪ್ಪು ಮಾಡೀನಿ. ಆದ್ರ ಆ ರಕ್ತ ಯಾರದು ಅಂತ ಗೊತ್ತಾಗೂತನಕ ಈ ಕೀಲಿ ಇಲ್ಲಿರ್ಲಿ."

ಸೀತವ್ವ ಸೊಂಟದಿಂದ ಕೀಲಿ ಬಿಚ್ಚಿದಳು. ಮೇಜಿನ ಮೇಲೆ ಇಟ್ಟಳು. ಇಡುವಾಗ ನನ್ನ ಕಡೆ ನೋಡಿದಳು. ನಗಲು ನೋಡಿದಳು, ಈ ಸಲ ಆಗಲಿಲ್ಲ.

"ಸಂಘಮಿತ್ರಾ," ಎಂದರು ರಂಜನಾ ಮೇಡಂ, "ಒಂದು ಮಾತಂತೂ ಖರೇ. ಆ ಹನಿ ಕೊಟ್ಟವ್ರು ಯಾರ ಇರ್ಲಿ, ತಿಂಗಳುಗಟ್ಟಲೆ ಸಕ್ಕರಿ ತಿಂದಿಲ್ಲ. ಜ್ವಾಳಾನೂ ತಿಂದಿಲ್ಲ. ಈ ಸೀಮ್ಯಾಗ ಅಂಥಾವ್ರು ಯಾರಿದ್ದಾರ? ನಾನೂ ಎರಡ ಹೊತ್ತು ರೊಟ್ಟಿ ತಿನ್ನಾಕಿ."

"ನನ್ನ ಚಹಾಕ್ಕ ಎರಡು ಚಮಚ ಸಕ್ಕರಿ ಬೇಕು," ಎಂದರು ಅಭಯ ಸರ್, ತಮ್ಮನ್ನು ಪಟ್ಟಿಯಿಂದ ಬಿಡಿಸಿಕೊಳ್ಳುವವರಂತೆ.

ಸಕ್ಕರೆ ಬಿಟ್ಟವರು ನನಗೆ ಬೇಕಾದಷ್ಟು ಜನ ಗೊತ್ತು. ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ. ಆದರೆ ಅವರೆಲ್ಲ ಡಾಕ್ಟರು ಹೇಳಿದರೆಂದು ಮೊದಲಿಗಿಂತ ಹೆಚ್ಚು ರೊಟ್ಟಿ ತಿನ್ನುವವರು. ಸಕ್ಕರೆಯ ಜೊತೆ ರೊಟ್ಟಿಯನ್ನೂ ಬಿಡಬೇಕಾದರೆ ಮನುಷ್ಯನಿಗೆ ಏನಾಗಿರಬೇಕು? ರೊಟ್ಟಿ ಬೇಡವೆಂದಲ್ಲ, ಕಡಿಯಲು ಆಗುವುದಿಲ್ಲವೆಂದು ಬಿಟ್ಟಿರಬೇಕು. ಚಪಾತಿ ಕೂಡ ಹರಿಯಲಾಗದೆ, ಮೆತ್ತಗೆ ಕಿವುಚಿದ ಅನ್ನದ ಮೇಲೆ...

ಹಿರ್ಯಾರಿಗೆ ಚಪಾತಿ ಬ್ಯಾಡವಾ.

ಕಾಕಾನ ಸವದತ್ತಿಯ ಆ ಹಲ್ಲು ಬರೀ ಫೋಟೋಕ್ಕೆ. ಕಚ್ಚಿದರೆ ಕಳಚುತ್ತದೆ. ಅದು ಮನೆಯಲ್ಲಿ ನನಗೆ ಗೊತ್ತು. ಹೊರಗಿನವರು ನೋಡಿದರೆ ಕಬ್ಬು ಸಿಗಿಯುವ ಹಲ್ಲು ಎನ್ನುತ್ತಾರೆ. ಇವತ್ತೇ ಮೊದಲ ಸಲ ಕೈ ಮುಗಿದ ಕಾಡಪ್ಪನಿಗೆ ಅದು ಹೇಗೆ ಗೊತ್ತಾಯಿತು?

ಮತ್ತು ನೇಸರಗಿ. ವಾರದ ಸಂತೆಯ ದಿನ ವ್ಯಾನು ತೆಗೆದುಕೊಂಡು ನೇಸರಗಿಗೆ ಹೋಗುವುದು ನಮ್ಮ ಮನೆಯಲ್ಲಿ ಯಾರು?

ನಾನು ತಿರುಗಿ ನೋಡುವ ಮೊದಲೇ ಅವರು ಬಾಗಿಲಿಗೆ ಬಂದಿದ್ದರು. ತೊಳೆದ ತಾಟು ಎಡಗೈಯಲ್ಲಿ. ಬಲಗೈ ಅಂಗಿಯ ಜೇಬಿನೊಳಗೆ. ಎಲ್ಲವನ್ನೂ ಕಿಟಕಿಯಿಂದ ಕೇಳಿಸಿಕೊಂಡ ಮುಖ.

"ಗೊತ್ತಾತ?" ಎಂದರು ಅಭಯ ಸರ್ ನನಗೆ. "ಗೊತ್ತಾಗಿದ್ರ ಹೆಸರು ಹೇಳ್ರಿ."

ಮೇಜಿನ ಮೇಲೆ ಸೀತವ್ವನ ಕೀಲಿ ಇತ್ತು. ನಾನು ಒಂದು ಹೆಸರು ಹೇಳಿದರೆ ಅದು ಮತ್ತೆ ಅವಳ ಸೊಂಟಕ್ಕೆ ಹೋಗುತ್ತದೆ.

"ಹೇಳವಾ, ಹೇಳಿಬಿಡು," ಎಂದರು ಕಾಕಾ, ಶಾಂತವಾಗಿ. "ಸೀತವ್ವನಂಥಾಕಿ ಸಲುವಾಗಿ ನನ್ನ ಹೆಸರು ಹೋದ್ರ ಹೋಗ್ಲಿ. ಹೂಂರಿ ಸರ್, ಆ ರಕ್ತ ನಂದು. ಈ ತಾಯಿದು ಏನೂ ತಪ್ಪಿಲ್ಲ."

ಸೀತವ್ವನ ಕಣ್ಣು ಅಗಲವಾದವು. ಅಭಯ ಸರ್ ಬಾಯಿ ತೆರೆದವರು ಮುಚ್ಚಲಿಲ್ಲ. ರಂಜನಾ ಮೇಡಂ ಮೊದಲು ಚೇತರಿಸಿಕೊಂಡರು. ಚೀಲದಿಂದ ಹೊಸ ಕಾರ್ಡು, ಚುಚ್ಚುವ ಸೂಜಿಯ ಪೊಟ್ಟಣ ತೆಗೆದರು.

"ನಿಮ್ಮ ಮಾತೊಂದು ಸಾಲೂದಿಲ್ರಿ. ಸೀತವ್ವನ್ನ ಉಳಿಸ್ಲಿಕ್ಕೆ ಹೇಳಿದ್ರಿ ಅಂತ ಮಂದಿ ಅಂತಾರ. ಕಾಡಪ್ಪನವ್ರದು ಖರೇ ರಕ್ತ ಒಂದ ಹನಿ ಬೇಕು, ನಿಮ್ಮದೊಂದು ಬೇಕು. ಎರಡೂ ಕೂಡಿಸಿ ನೋಡಿದ್ರ ಮುಗೀತು."

"ನಂದು ಎಷ್ಟರ ತಗೋರಿ," ಎಂದರು ಕಾಕಾ. "ಆದ್ರ ಕಾಡಪ್ಪನ ರಕ್ತ ಮಾತ್ರ ತಗೀಬ್ಯಾಡ್ರಿ. ಕೈ ಮುಗೀತೇನಿ."

"ಯಾಕ?" ಎಂದು ನಾವೆಲ್ಲ ಒಟ್ಟಿಗೆ ಕೇಳಿದೆವು.

ಕಾಕಾ ಬೆಂಚಿನ ಕಡೆ ನೋಡಿದರು. ನಾವೂ ನೋಡಿದೆವು.

ಅಲ್ಲಿ ಅರ್ಧ ರೊಟ್ಟಿ ಇತ್ತು. ಮುಟ್ಟದ ಚಹಾ ಇತ್ತು. ಕಾಡಪ್ಪ ಇರಲಿಲ್ಲ. ಅಡಿಗೆಮನೆಯ ಹಿಂಬಾಗಿಲು ಇನ್ನೂ ಅಲ್ಲಾಡುತ್ತಿತ್ತು.

ಹೊರಗೆ, ಬೇವಿನ ಗಿಡದ ಕೆಳಗೆ, ನಮ್ಮ ವ್ಯಾನು ಶುರುವಾದ ಸದ್ದು ಕೇಳಿತು.

ಆ ವ್ಯಾನನ್ನು ಶುರು ಮಾಡಲು ಬರುವುದು ಒಬ್ಬರಿಗೇ ಎಂದು ನಾನು ನಂಬಿದ್ದೆ. ಅವರು ನನ್ನೆದುರಿಗೆ ನಿಂತು, ಜೇಬಿನಿಂದ ಬಲಗೈ ತೆಗೆದು, ವ್ಯಾನಿನ ಕೀಲಿ ಇಲ್ಲದ ಖಾಲಿ ಅಂಗೈ ತೋರಿಸುತ್ತಿದ್ದರು.